ಮೇಲಿನ ಮನೆಯ ಒಪ್ಪ

ಈ ಪರದೇಶದಲ್ಲಿ, ರೇನರ್ಸ್ ಲೇನ್‌ನ ನಮ್ಮ ಫ್ಲಾಟಿಗೂ ಅದರ ಮೇಲಿನ ಫ್ಲಾಟಿಗೂ ಅಳತೆ ಒಂದೇ. ಅದೇ ಎರಡು ಕೋಣೆ, ಅದೇ ಇಕ್ಕಟ್ಟಿನ ಅಡುಗೆಮನೆ. ಹಾಗಾಗಿ ಜಾಗ ಸಾಲದು ಎಂದು ಸಬೂಬು ಹೇಳುವ ಹಾಗೂ ಇರಲಿಲ್ಲ. ಮೇಲೆ ಇದ್ದವರು ಉಡುಪಿ ಕಡೆಯ, ಮನೆಯಲ್ಲಿ ಕೊಂಕಣಿ ಆಡುವ ದಂಪತಿ, ಅವರ ಇಬ್ಬರು ಮಕ್ಕಳು. ಗಂಡನಿಗೆ ಏರ್‌ಪೋರ್ಟಿನಲ್ಲಿ, ಹೆಂಡತಿಗೆ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಶಿಫ್ಟ್ ಕೆಲಸ. ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವವಳು. ಆದರೂ ಅವರ ಮನೆ ಒಪ್ಪವಾಗಿರುತ್ತಿತ್ತು, ನನ್ನದು ಇರುತ್ತಿರಲಿಲ್ಲ.

ಒಂದು ಚಳಿಗಾಲ ನಮ್ಮ ಅಡುಗೆಮನೆಯ ಪೈಪು ಒಡೆದು ಮನೆಯ ನೆಲವೆಲ್ಲ ನೆನೆದುಹೋಯಿತು. ಒಣಗುವವರೆಗೆ ಇರಲು ಹೋಟೆಲ್ ಹುಡುಕುತ್ತಿದ್ದಾಗ ಮೇಲಿನ ಮನೆಯಾಕೆಯೇ ಇಳಿದು ಬಂದರು.

"ಹೋಟೆಲಿಗೆ ಎಂತಕ್ಕೆ? ಮೇಲೆ ಬನ್ನಿ. ನಾಲ್ಕು ದಿನ ಒಟ್ಟಿಗೆ ಇದ್ರಾಯ್ತು."

ಹೋದೆವು. ಮೊದಲ ಸಂಜೆಯೇ ನನ್ನ ಮಗಳು ಬೂಟು ಬಿಚ್ಚಿ ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟಳು. ನನ್ನ ಗಂಡ ಕಾಫಿ ಕುಡಿದ ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಮದುವೆಯಾದಾಗಿನಿಂದ ನಾನು ಗೋಗರೆದರೂ ಆಗದ ಕೆಲಸ ಅದು. ಅಲ್ಲಿ ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಮರುದಿನ ಆಕೆ ಬಟ್ಟೆ ಒಣಹಾಕುತ್ತಿದ್ದಾಗ ಅಡುಗೆಮನೆಯ ಕೊನೆಯ ಡ್ರಾಯರ್ ಎಳೆದು ನೋಡಿದೆ. ಎಲ್ಲರ ಮನೆಯಲ್ಲೂ ಹಾಳುಮೂಳು ತುರುಕುವ ಡ್ರಾಯರ್ ಒಂದಿರುತ್ತದಲ್ಲ, ಇವರದೂ ಸಿಗಲಿ ಎಂಬ ಆಸೆ. ಅಲ್ಲಿಯೂ ಬ್ಯಾಟರಿ, ದಾರ, ಟೇಪು ಎಲ್ಲವೂ ಬೇರೆಬೇರೆ ಹಳೆಯ ಡಬ್ಬಿಗಳಲ್ಲಿ ಕೂತಿದ್ದವು.

"ಎಂತ ಬೇಕಿತ್ತು?" ಆಕೆ ಬಾಗಿಲಲ್ಲಿ ನಿಂತಿದ್ದರು.

"ಕತ್ತರಿ."

"ನಿಮ್ಮ ಕೈ ಹತ್ರವೇ ಉಂಟಲ್ಲ."

ತೆಗೆದುಕೊಂಡೆ. ಕತ್ತರಿಸಲು ಏನೂ ಇರಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ, "ಇದಕ್ಕೆಲ್ಲ ನಿಮಗೆ ಟೈಮ್ ಎಲ್ಲಿ ಸಿಗತ್ತೆ?"

"ಬೇರೆ ಟೈಮ್ ಎಂತ ಇಲ್ಲ. ಈ ದೇಶಕ್ಕೆ ಬಂದ ಹೊಸದ್ರಲ್ಲಿ ಫೆಲ್ಥಮ್‌ನಲ್ಲಿ ನಮ್ಗೆ ಒಂದೇ ರೂಮು, ಸಣ್ಣ ಮಗು ಬೇರೆ. ಸಾಮಾನು ಹರಡಿದ್ರೆ ಮಲಗ್ಲಿಕ್ಕೆ ಜಾಗ ಇರ್ತಿರ್ಲಿಲ್ಲ. ತಗೊಂಡದ್ದನ್ನು ಅದರ ಜಾಗಕ್ಕೇ ಇಡುದು. ಹೊಸ ಅಂಗಿ ಒಂದು ಬಂದ್ರೆ ಹಳೇದೊಂದು ಹೊರಗೆ. ಅಷ್ಟೇ."

ಆಕೆ ಹೇಳಿದ್ದು ಕಷ್ಟದ ಮಾತು. ಆದರೂ ನನಗೆ ಆ ರೂಮಿನ ಮೇಲೂ ಹೊಟ್ಟೆಕಿಚ್ಚಾಯಿತು.

ನೆಲ ಒಣಗಿ ಕೆಳಗಿಳಿದ ಮೇಲೆ, ಅವರನ್ನು ಮೀರಿಸಬೇಕೆಂಬ ಹಟಕ್ಕೇ ಶುರುಮಾಡಿದೆ. ಒಲೆ ಆರಿಸಿದ ಕೂಡಲೇ ಕಟ್ಟೆ ಒರೆಸಿದೆ. ಬಾಗಿಲ ಕಿಂಡಿಯಿಂದ ಬಿದ್ದ ಜಾಹೀರಾತು ಕಾಗದಗಳನ್ನು ಅಲ್ಲಿಂದಲೇ ಕಸಕ್ಕೆ ಹಾಕಿದೆ. ವರ್ಷಗಟ್ಟಲೆ ಉಡದ ಸೀರೆಗಳನ್ನು ಕೊಟ್ಟುಬಿಟ್ಟೆ. ಬರಬರುತ್ತ ಕೈಗೆ ರೂಢಿಯಾಯಿತು. ಬೆಳಿಗ್ಗೆ ಬೀಗದ ಕೈಗಾಗಿ ಕೂಗಾಡುವುದೂ ನಿಂತಿತು.

ಒಂದು ಸಂಜೆ ಮಗಳು ಶಾಲೆಯಿಂದ ಬಂದು ಸುತ್ತ ನೋಡಿದಳು. "ಅಮ್ಮಾ, ಸೋ ನೈಸ್. ಜಸ್ಟ್ ಲೈಕ್ ಆಂಟೀಸ್ ಪ್ಲೇಸ್."

"ಆಂಟಿ ಮನೆ ಥರ ಏನಲ್ಲ ಪುಟ್ಟಾ. ಇದು ನಮ್ಮನೆ." ನನ್ನ ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು.

ಅವಳು ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸಿ ಒಳಗೆ ಹೋದಳು. ಮೇಲಿನಿಂದ ವ್ಯಾಕ್ಯೂಮ್ ಕ್ಲೀನರ್ ಸದ್ದು ಕೇಳುತ್ತಿತ್ತು. ನಾನೂ ನಮ್ಮದನ್ನು ಹೊರಗೆಳೆದೆ.