ಹಾಡಿಲ್ಲದ ಕ್ಯಾಸೆಟ್ಟು

ಕ್ಯಾಸೆಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ. ಪುಸ್ತಕವಾದರೆ ಮೊದಲ ಪುಟವನ್ನೂ ತೆರೆಯದೆ ‘ಬಹಳ ಚೆನ್ನಾಗಿದೆ’ ಎಂದು ವಾಪಸು ಕೊಡಬಹುದು. ಪುಸ್ತಕ ಬಾಯಿ ಬಿಡುವುದಿಲ್ಲ. ಕ್ಯಾಸೆಟ್ಟು ಹಾಗಲ್ಲ. ಕೇಳುವವರು ಎಲ್ಲಿ ಬೇಸತ್ತು ಗುಂಡಿ ಒತ್ತಿದರೋ ರೀಲು ಅಲ್ಲೇ ನಿಂತಿರುತ್ತದೆ. ಹಿಂದಕ್ಕೆ ಸುತ್ತಿ ಕೊಡುವ ವ್ಯವಧಾನ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ, ಅದರ ಕಿಂಡಿಯಲ್ಲಿ ಎಡಗಡೆ ಎಷ್ಟು ದಪ್ಪ, ಬಲಗಡೆ ಎಷ್ಟು ತೆಳ್ಳಗೆ ಎಂದು ನೋಡಿದರೆ ನನ್ನ ಕಲೆಯ ಯೋಗ್ಯತೆ ತಿಳಿದುಬಿಡುತ್ತಿತ್ತು. ಬಲಗಡೆ ಯಾವಾಗಲೂ ತೆಳ್ಳಗೇ ಇರುತ್ತಿತ್ತು.

ನನ್ನ ಕಲೆ ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯಲ್ಲಿ ನನ್ನದೊಂದು ರೆಕಾರ್ಡಿಂಗ್ ಅಂಗಡಿಯಿತ್ತು. ಜನ ಖಾಲಿ ಕ್ಯಾಸೆಟ್ಟು ತರುತ್ತಿದ್ದರು, ನಾನು ತಾಳಮದ್ದಲೆಯೋ ಭಜನೆಯೋ ತುಂಬಿಸಿ ಕೊಡುತ್ತಿದ್ದೆ. ಯಲ್ಲಾಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಗೆಳೆಯ ಗಜಾನನನಿಗೆ ಒಮ್ಮೆ ಹುಬ್ಬಳ್ಳಿಯಿಂದ ಬಂದ ಬಿಡಿಭಾಗಗಳ ಪೊಟ್ಟಣದ ಸುತ್ತ ಯಾವುದೋ ವಿದೇಶಿ ಸಂಗೀತ ಪತ್ರಿಕೆಯ ಹಾಳೆ ಸಿಕ್ಕಿತು. ದೂರದ ದೇಶಗಳಲ್ಲಿ ಕೆಲವರು ಮನೆಯ ಕೋಣೆಯಲ್ಲೇ ಕೂತು, ತಾಳವಿಲ್ಲದ, ಮಾತಿಲ್ಲದ, ಸುಮ್ಮನೆ ಹರಡಿಕೊಂಡಿರುವ ಎಲೆಕ್ಟ್ರಾನಿಕ್ ಸಂಗೀತ ಮಾಡಿ, ತಮ್ಮದೇ ಪುಟ್ಟ ಕಂಪನಿಯ ಹೆಸರಿನಲ್ಲಿ ಕ್ಯಾಸೆಟ್ಟು ತರುತ್ತಾರಂತೆ. ಆಂಬಿಯೆಂಟ್ ಎಂದು ಅದರ ಹೆಸರು. ಓದಿದ ನಮ್ಮಿಬ್ಬರಿಗೂ ಒಂದೇ ಯೋಚನೆ ಬಂತು: ಇಷ್ಟು ನಮ್ಮ ಕೈಲೂ ಆಗುತ್ತದೆ.

ಹೀಗೆ ‘ಗುಂಯ್ ಧ್ವನಿಸುರುಳಿ ಸಂಸ್ಥೆ’ ಹುಟ್ಟಿತು. ಸಂಸ್ಥೆ ಎಂದರೆ ಗಜಾನನನ ಅಂಗಡಿಯ ಹಿಂದಿನ ಕೋಣೆ, ಎರಡು ಟೇಪ್ ಡೆಕ್ಕು, ಒಂದು ಸೆಕೆಂಡ್ ಹ್ಯಾಂಡ್ ಕೀಬೋರ್ಡು ಮತ್ತು ಅವನೇ ಬೆಸುಗೆ ಹಾಕಿ ಮಾಡಿದ ಒಂದು ಪೆಟ್ಟಿಗೆ. ಪೆಟ್ಟಿಗೆಯ ತಿರುಪು ತಿರುಗಿಸಿದರೆ ದನಿ ಉದ್ದವಾಗುತ್ತಿತ್ತು, ಕೆಲವೊಮ್ಮೆ ಹೊಗೆಯೂ ಬರುತ್ತಿತ್ತು. ಅವನು ಅರಬೈಲ್ ಘಟ್ಟದ ತಿರುವಿನಲ್ಲಿ ಕೂತು, ಲಾರಿಗಳು ಏದುಸಿರು ಬಿಡುತ್ತ ಏರುವುದನ್ನು ರೆಕಾರ್ಡ್ ಮಾಡಿ ತಂದ. ನಾನು ಗಂಟೆ ಹೊಡೆದ ಮೇಲೆ ಉಳಿಯುವ ಗುಂಗನ್ನಷ್ಟೇ ಕತ್ತರಿಸಿ ಎಳೆದೆ. ಸಂಜೆ ವೋಲ್ಟೇಜು ಇಳಿದಾಗ ಡೆಕ್ಕು ನಿಧಾನವಾಗಿ, ಇಡೀ ಸಂಗೀತವೇ ಒಂದು ಸ್ವರ ಕೆಳಗೆ ಜಾರುತ್ತಿತ್ತು. ಆ ಜಾರಿದ ಭಾಗವೇ ನಮ್ಮ ಅತ್ಯುತ್ತಮ ರಚನೆ ಎಂದು ಇವತ್ತಿಗೂ ನನ್ನ ನಂಬಿಕೆ. ಹೊದಿಕೆಯ ಮೇಲೆ ನಮ್ಮಿಬ್ಬರ ಹೆಸರಿನ ಕೆಳಗೆ ‘ವೋಲ್ಟೇಜು: ಯಲ್ಲಾಪುರ’ ಎಂದು ಅಚ್ಚು ಹಾಕಿಸಿದೆವು.

ಮೊದಲ ಕ್ಯಾಸೆಟ್ಟಿಗೆ ‘ಗಂಟೆಯ ನಂತರ’ ಎಂದು ಹೆಸರಿಟ್ಟೆವು. ಕೊಂಡುಹೋದವರು ಮರುದಿನವೇ ಹಾಜರು. ಒಬ್ಬರು ರೀಲು ಸಿಕ್ಕಿಹಾಕಿಕೊಂಡಿದೆ ಎಂದರು. ಇನ್ನೊಬ್ಬರು ತಮ್ಮ ಟೇಪ್ ರೆಕಾರ್ಡರನ್ನೇ ಬಿಚ್ಚಿಸಿ, ಹೆಡ್ಡು ತೊಳೆಸಿ, ಆಮೇಲೂ ಹೀಗೇ ಇದೆಯಲ್ಲ ಎಂದು ನೊಂದುಕೊಂಡರು. ಮತ್ತೊಬ್ಬರು ತುಂಬ ಸಜ್ಜನರು. “ಕ್ಯಾಸೆಟ್ಟು ಮಾತ್ರ ಒಳ್ಳೆ ಕಂಪನಿದು. ಇದರ ಮೇಲೆ ಒಂದು ತಾಳಮದ್ದಲೆ ಹಾಕಿಕೊಡಿ” ಎಂದರು. ಹಾಕಿಕೊಟ್ಟೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಸೀಮೆಯವರು ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ಕೂತು ಪಳಗಿದವರು. ತಂಬೂರಿ ಎಷ್ಟು ಹೊತ್ತು ಶ್ರುತಿಗೊಳ್ಳುತ್ತಿದ್ದರೂ ತಾಳ್ಮೆಯಿಂದ ಕಾಯುತ್ತಾರೆ, ಏಕೆಂದರೆ ಆಮೇಲೆ ಗಾಯಕ ಬಾಯಿ ತೆರೆಯುತ್ತಾನೆಂಬ ಭರವಸೆ ಅವರಿಗಿರುತ್ತದೆ. ನಾವು ಆ ಭರವಸೆಗೇ ಕೊಡಲಿ ಹಾಕಿದ್ದೆವು. ಶಾಸ್ತ್ರದಲ್ಲಿ ಆಹತ, ಅನಾಹತ ಎಂದು ನಾದ ಎರಡು ಬಗೆ: ಹೊಡೆದರೆ ಹುಟ್ಟುವುದು ಒಂದು, ಹೊಡೆಯದೆಯೇ ಇರುವುದು ಇನ್ನೊಂದು. ನಮ್ಮದು ಎರಡನೆಯದಕ್ಕೆ ಹತ್ತಿರ ಎಂದು ನಾನು ಗಂಭೀರವಾಗಿ ವಾದಿಸುತ್ತಿದ್ದೆ. ಕೇಳಿದವರಿಗೆ ನಮ್ಮನ್ನು ಹೊಡೆಯಬೇಕೆನಿಸುವುದು ಮೂರನೆಯ ಬಗೆ ಎಂದು ಗಜಾನನ ಸೇರಿಸುತ್ತಿದ್ದ.

ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದೆವು. ಒಂದೇ ಒಂದು ಕ್ಯಾಸೆಟ್ಟು ಕೊನೆಯವರೆಗೆ ಓಡಿದ್ದು ಕಣ್ಣಿಗೆ ಬಿದ್ದರೆ ಸಂಸ್ಥೆಯನ್ನು ಮುಂದುವರಿಸುವುದು. ಇಲ್ಲವಾದರೆ ದೀಪಾವಳಿಗೆ ಮುಚ್ಚಿ, ಉಳಿದ ಕ್ಯಾಸೆಟ್ಟುಗಳಿಗೆ ಭಜನೆ ತುಂಬುವುದು. ನಗುನಗುತ್ತ ಆಡಿದ ಮಾತಾದರೂ ನನಗೆ ಒಳಗೊಳಗೇ ಸಂಕಟ. ಜಗತ್ತೆಲ್ಲ ಮೆಚ್ಚಲಿ ಎಂಬ ಆಸೆ ನನಗಿರಲಿಲ್ಲ. ಯಾರಾದರೂ ಒಬ್ಬರು ಪೂರ್ತಿ ಕೇಳಿದರೆ ಸಾಕಿತ್ತು.

ಅಷ್ಟರಲ್ಲಿ ಪೇಟೆ ಕೆಲಸಕ್ಕೆ ಬಂದ ಗಂಗತ್ತೆ ನನ್ನ ಅಂಗಡಿಗೂ ಬಂದಳು. ಸಿದ್ದಾಪುರದಾಚೆಯ ದೊಡ್ಮನೆ ಊರಿನ ಗಂಗತ್ತೆ ನನ್ನ ಸೋದರತ್ತೆ. ನಮ್ಮ ಕಡೆ ಮದುವೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಹೆಂಗಸರು ಹಾಡು ಹೇಳಬೇಕು. ವಾಲಗದ ಶ್ರುತಿ ಗುಂಯ್‌ಗುಡುತ್ತಲೇ ಇರುತ್ತದೆ, ಇವರು ‘ನೀ ಹೇಳೇ, ನೀ ಹೇಳೇ’ ಎಂದು ಒಬ್ಬರನ್ನೊಬ್ಬರು ತಿವಿಯುತ್ತ ನಾಚಿಕೊಂಡು ಕೂತಿರುತ್ತಾರೆ. ಆಗ ಗಂಟಲು ಸರಿಮಾಡಿಕೊಂಡು ಶುರು ಮಾಡುವವಳು ಗಂಗತ್ತೆಯೇ. ಅವಳನ್ನು ಕೂರಿಸಿ ನಮ್ಮ ಕ್ಯಾಸೆಟ್ಟು ಹಾಕಿದೆ. ಬಹಳ ಹೊತ್ತು ಶ್ರದ್ಧೆಯಿಂದ ಕೇಳಿದಳು.

“ತಮಾ, ಹಾಡು ಯಾವಾಗ ಸುರು ಆಗ್ತು?”

“ಇದೇ ಹಾಡು ಅತ್ತೆ. ಮುಂದೆ ಎಂತೂ ಇಲ್ಲೆ. ಪೂರ್ತಿ ಕೇಳವು” ಎಂದು ಬೇಡಿಕೊಂಡೆ.

ನನ್ನ ಮುಖವನ್ನು ಕನಿಕರದಿಂದ ನೋಡಿ, ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ದೀಪಾವಳಿ ಹತ್ತಿರ ಬಂತು. ಉಳಿದ ಕ್ಯಾಸೆಟ್ಟುಗಳ ತೀರ್ಪೆಲ್ಲ ಬಂದಾಗಿತ್ತು. ಬಾಕಿಯಿದ್ದದ್ದು ಅತ್ತೆಯದು ಮಾತ್ರ. ಗಜಾನನನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಮನೆಗೆ ಹೋದೆ. ಜಗಲಿಯಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ನಮ್ಮ ಗುಂಯ್ ಕೇಳಿಸಿತು. ಅದರ ಮೇಲೆ ಗಂಗತ್ತೆಯ ದನಿ: ವಧೂವರರನ್ನು ಹಸೆಗೆ ಕರೆಯುವ ಹಾಡು. ಲಾರಿ ಘಟ್ಟ ಏರುತ್ತಿದ್ದಂತೆ ಅವಳೂ ಮೇಲಿನ ಸ್ವರಕ್ಕೆ ಹೋದಳು; ವೋಲ್ಟೇಜು ಇಳಿದಲ್ಲಿ ಅವಳೂ ಸಲೀಸಾಗಿ ಇಳಿದಳು. ಹಾಡು ಮುಗಿಯಿತು, ರೀಲೂ ಮುಗಿದು ಗುಂಡಿ ಟಕ್ಕೆಂದು ಮೇಲೆ ಹಾರಿತು. ನನ್ನ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಮ್ಮನ್ನು ಕಂಡು ಅತ್ತೆಗೆ ಸಂಕೋಚವಾಯಿತು. “ಕಾದು ಕಾದು ಸಾಕಾತು ತಮಾ. ಯಾರೂ ಸುರು ಮಾಡ್ತ್ವಿಲ್ಲೆ. ಕಡಿಗೆ ಆನೇ ಹೇಳಿದಿ” ಎಂದು, ತಾನೇ ಹಾಡಿದ್ದಕ್ಕೆ ಕಾರಣ ಕೊಟ್ಟಳು. ಅಷ್ಟಕ್ಕೇ ನಿಲ್ಲದೆ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದಳು. “ಈ ಬದಿ ಹೆಣ್ಣೊಪ್ಪಿಸೋ ಹಾಡಿಗೆ ಚೊಲೋ ಆಗ್ತು.”

ಎರಡನೆಯ ಬದಿ! ಅದನ್ನು ನಾನೇ ಪೂರ್ತಿ ಕೇಳಿರಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳ. “ಅವ್ರು ಕೇಳಿದ್ದಲ್ಲ ಮಾರಾಯಾ, ಹಾಡಿದ್ದು. ಇದು ಲೆಕ್ಕಕ್ಕೆ ಬರೂದಿಲ್ಲ” ಎಂದು ಗಜಾನನ, ರೀಲು ಕೊನೆ ಮುಟ್ಟಿತೋ ಇಲ್ಲವೋ ಅಷ್ಟು ಹೇಳು ಎಂದು ನಾನು. ಸಿದ್ದಾಪುರದಲ್ಲಿ ಚಹಾ ಕುಡಿಯುವ ಹೊತ್ತಿಗೆ ಅವನು ಸೋತ. ಸೋಲಲು ಅವನೂ ಕಾಯುತ್ತಿದ್ದನೆಂದು ಕಾಣುತ್ತದೆ. ದೀಪಾವಳಿ ಕಳೆಯಿತು, ಸಂಸ್ಥೆ ಉಳಿಯಿತು.

ಕೆಲವು ವರ್ಷಗಳ ಮೇಲೆ ಶಿರಸಿಗೆ ಸೈಬರ್ ಕೆಫೆ ಬಂತು. ಅಲ್ಲಿ ಕೂತು, ದೂರದ ದೇಶದಲ್ಲಿದ್ದ ನಮ್ಮಂಥದೇ ಒಂದು ಪುಟ್ಟ ಕ್ಯಾಸೆಟ್ ಕಂಪನಿಯನ್ನು ಪತ್ತೆ ಹಚ್ಚಿ ‘ಗಂಟೆಯ ನಂತರ’ವನ್ನು ಕಳಿಸಿದೆವು. ಅವರು ಚೆಂದದ ಹೊದಿಕೆ ಹಾಕಿ ಹೊರತಂದರು. ಬಿಡುಗಡೆಯ ಸಂಜೆ ಜನ ಕಣ್ಣು ಮುಚ್ಚಿ ಕೂತು ಎರಡೂ ಬದಿ ಕೊನೆಯವರೆಗೆ ಕೇಳಿದರಂತೆ, ಒಬ್ಬರೂ ಕೆಮ್ಮಲಿಲ್ಲವಂತೆ. ನನ್ನ ಬಹುಕಾಲದ ಆಸೆ ತೀರಿತು. ಹಿಗ್ಗಿಹೋಗಿ ದೊಡ್ಮನೆಗೆ ಫೋನು ಮಾಡಿ ಅತ್ತೆಗೆ ಎಲ್ಲ ಹೇಳಿದೆ.

“ಹಾಡು ಯಾರು ಹೇಳಿದ್ದು?” ಎಂದಳು.

“ಯಾರೂ ಹೇಳಿದ್ವಿಲ್ಲೆ ಅತ್ತೆ. ಸುಮ್ನೆ ಕೂತ್ಕಂಡು ಕೇಳಿದ್ವಡ.”

ಗಂಗತ್ತೆ ನಿಜವಾಗಿಯೂ ಮರುಗಿದಳು:

“ಅಯ್ಯೋ ಪಾಪ! ಅಷ್ಟು ಜನ ಇದ್ದು, ಒಬ್ರಾದ್ರೂ ಸುರು ಮಾಡಕಾಗಿತ್ತು.”