ಅತ್ತೆಯೊಡನೆ ಗಂಗಾವತಿಯ ಕೀಲು ಡಾಕ್ಟರರಲ್ಲಿಗೆ

ಅಂದು ಬೆಳಿಗ್ಗೆ ನಳದ ನೀರು ಬಂದಿತ್ತು. ಕೊಡ ತುಂಬಿಟ್ಟು, ಮಕ್ಕಳ ಡಬ್ಬಿ ಕಟ್ಟಿ, ರೊಟ್ಟಿಗೆ ಹಿಟ್ಟು ನಾದಲು ಕುಳಿತೆ. ಬೆರಳು ಮಡಚಲು ಬರಲಿಲ್ಲ. ಮೂರು ತಿಂಗಳಿಂದ ಹೀಗೇ, ಬಿಸಿಲೇರುವವರೆಗೆ ಗೆಣ್ಣುಗಳು ಬಿಗಿದೇ ಇರುತ್ತವೆ. ಅತ್ತೆ ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಂಡು ಎಂಟು ರೊಟ್ಟಿ ಬಡಿದರು. ನಾಲ್ಕನ್ನು ಶೇಂಗಾ ಚಟ್ನಿಯೊಡನೆ ಬುತ್ತಿ ಕಟ್ಟಿಕೊಂಡು, ಇಬ್ಬರೂ ಭಾಗ್ಯನಗರದಿಂದ ಗಂಗಾವತಿಗೆ ಹೊರಟೆವು.

ಕೊಪ್ಪಳದ ಡಾಕ್ಟರು ನನ್ನ ರಕ್ತದಲ್ಲಿ ಆರ್‌ಎಫ್ ಎಂಬುದು ಹೆಚ್ಚಿದೆ, ಸಂಧಿವಾತ ಇದ್ದಂತಿದೆ ಎಂದು ಗುಳಿಗೆ ಬರೆದುಕೊಟ್ಟು, ಕೀಲು ತಜ್ಞರಿಗೂ ತೋರಿಸಿ ಎಂದಿದ್ದರು. ಗುಳಿಗೆ ನನ್ನ ಪರ್ಸಿನಲ್ಲೇ ಇತ್ತು, ಒಂದನ್ನೂ ನುಂಗಿರಲಿಲ್ಲ. ಅವರಿಗೆ ನಾನೊಂದು ಮಾತು ಹೇಳಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಮಗಳು ಹೊಟ್ಟೆಯಲ್ಲಿದ್ದಾಗ, ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತ್ತು. ಅದು ಇಂದಿಗೂ ಹೋಗಿಲ್ಲ. ಗೊತ್ತಿದ್ದವರು ನಾನು ಮತ್ತು ನಮ್ಮವರು ಇಬ್ಬರೇ. ನಮ್ಮ ಮನೆಯಲ್ಲಿ ಸೊಸೆಯೊಬ್ಬಳನ್ನೇ ದವಾಖಾನೆಗೆ ಕಳಿಸುವುದಿಲ್ಲ. ಅತ್ತೆ ಒಳಗೂ ಬಂದು ಪಕ್ಕದಲ್ಲೇ ಕೂರುತ್ತಾರೆ. ಕಾಮಾಲೆಯಾದ ಸ್ವಂತ ತಂಗಿಗೇ ಅವರು ತಾಟು, ಲೋಟ ಬೇರೆ ಇಟ್ಟದ್ದನ್ನು ನಾನು ಕಂಡಿದ್ದೆ.

ಒಂಬತ್ತರ ಬಸ್ಸು ತುಂಬಿತ್ತು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದು, ಗಿಣಿಗೇರಿ ದಾಟುವವರೆಗೆ ನಿಂತೇ ಹೋದೆವು. ಕಂಬಿ ಹಿಡಿದ ನನ್ನ ಕೈ ನೋಡಿ ಸೀಟಿನಲ್ಲಿದ್ದ ಹೆಂಗಸೊಬ್ಬಳು ಅತ್ತೆಯನ್ನು ಕೇಳಿದಳು, “ಸೊಸಿಗೆ ಏನಾಗೇತ್ರಿ?”

“ಕೈ ಹಿಡದಾವ.”

“ಕೈ ಹಿಡದಾವೋ, ಕೆಲಸ ಬ್ಯಾಡಾಗೇತೋ?”

“ಕೆಲಸ ಬ್ಯಾಡಾದಾಕಿ ಹಿಂಗ ನಿಂತ ಬರತಿದ್ಲೇನವಾ? ನಿನ್ನ ಸೊಸಿ ಎಲ್ಲಿ, ಮನ್ಯಾಗ ಮಲಗ್ಯಾಳೇನು?” ಎಂದರು ಅತ್ತೆ.

ಅವರು ನನ್ನ ಪರ ಮಾತಾಡುತ್ತಿದ್ದರೆ ನಾನು ಗುಳಿಗೆಯಿದ್ದ ಪರ್ಸನ್ನು ಕಂಕುಳಿಗೆ ಒತ್ತಿಕೊಂಡೆ. ಮುಂದೆ ಕಾಲುವೆ ನೀರಾವರಿಯ ನೆಲ ಬಂತು. ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಾಟಿ ಮಾಡುವವರ ಕೈಗಳು ಸಲೀಸಾಗಿ ಆಡುತ್ತಿದ್ದವು. ನಲವತ್ತು ಚಿಲ್ಲರೆ ಕಿಲೋಮೀಟರಿಗೆ ಒಂದೂವರೆ ತಾಸು ಹಿಡಿಯಿತು.

ಗಂಗಾವತಿಯ ಡಾಕ್ಟರಮ್ಮ ಕೊಪ್ಪಳದ ಚೀಟಿ, ಗುಳಿಗೆ ಪರಿಶೀಲಿಸಿ, ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, “ಹಿಂದ ಕಾಮಣಿ, ಲಿವರಿನ ತ್ರಾಸು ಏನರ ಇತ್ತೇನ್ರಿ?” ಎಂದು ಕೇಳಿದರು.

ನನಗಿಂತ ಮೊದಲೇ ಅತ್ತೆ ಉತ್ತರಿಸಿದರು. “ಅಂಥಾದ್ದೇನಿಲ್ರಿ. ಭಾಳ ಗಟ್ಟಿ ಅದಾಳ.”

ಡಾಕ್ಟರಮ್ಮ ಬರೆಯತೊಡಗಿದರು. ಆಗ ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ಎಲ್ಲವನ್ನೂ ಎರಡೇ ವಾಕ್ಯದಲ್ಲಿ ಹೇಳಿಬಿಟ್ಟೆ. ಅತ್ತೆಗೆ ತಿಳಿಯದು ಎಂಬ ಧೈರ್ಯ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮ ಕನ್ನಡದಲ್ಲೇ ಕೇಳಿದರು, “ಹೆಪಟೈಟಿಸ್ ಬಿ ಹನ್ನೆರಡು ವರ್ಷದಿಂದ ಐತಿ, ಕೊಪ್ಪಳದಾಗ ಹೇಳಿಲ್ಲಾ?”

ಅತ್ತೆ ನನ್ನ ಕಡೆ ತಿರುಗಿದರು. ನಾನು ಮೇಜಿನ ಅಂಚು ನೋಡುತ್ತಿದ್ದೆ.

“ವೈರಸ್ ವರ್ಷಾನುಗಟ್ಲೆ ಮೈಯಾಗ ಕುಂತ್ರ, ಅದರ ಮ್ಯಾಲೆ ಹೋರಾಡೋ ಪ್ರತಿಕಾಯದ ಜೋಡಿ ನಮ್ಮ ಮೈ ಮ್ಯಾಲೇ ತಿರುಗೋ ಪ್ರತಿಕಾಯಾನೂ ಹುಟ್ಟತಾವ್ರಿ. ಆರ್‌ಎಫ್ ಅಂಥಾದ್ದೊಂದು. ಅದು ಬಂತಂದ್ರ ಸಂಧಿವಾತಾನೇ ಅಂತ ಹೇಳಾಕ ಬರಂಗಿಲ್ಲ. ಹೌದೋ ಅಲ್ಲೋ ತಿಳಿಯಾಕ ಇನ್ನೊಂದು ಪರೀಕ್ಷೆ ಐತಿ, ವೈರಸ್ ಎಷ್ಟೈತಿ ಅಂತನೂ ನೋಡಬೇಕು. ಅಲ್ಲೀತನ ಈ ಗುಳಿಗಿ ಮುಟ್ಟಬ್ಯಾಡ್ರಿ. ಇದು ಮೈಯ ಕಾವಲು ತಗ್ಗಸತೈತಿ, ಮಲಗಿದ ವೈರಸ್ ಎದ್ದು ಕುಂದ್ರಬಹುದು.”

ಅತ್ತೆ ಒಂದೇ ಪ್ರಶ್ನೆ ಕೇಳಿದರು. “ಉಣ್ಣೋ ತಾಟಿನಿಂದ ಬರತೈತೇನ್ರಿ?”

“ಇಲ್ರಿ ಅಮ್ಮಾರ. ರಕ್ತದಿಂದ, ಗಂಡ ಹೆಂಡತಿ ನಡುವ, ತಾಯಿಂದ ಕೂಸಿಗೆ. ಆದ್ರೂ ಮನ್ಯಾಗಿನವರು ಒಮ್ಮೆ ರಕ್ತ ತೋರಿಸ್ಕೋರಿ.”

ಲ್ಯಾಬಿನಲ್ಲಿ ನನ್ನ ಸರದಿ ಮುಗಿದ ಮೇಲೆ ಅತ್ತೆ ಅದೇ ಸ್ಟೂಲಿನ ಮೇಲೆ ಕುಳಿತು ತೋಳು ಚಾಚಿದರು. ಎಲ್ಲ ವರದಿಗೂ ಮೂರು ದಿನ ಎಂದರು ಲ್ಯಾಬಿನವರು.

ಬುತ್ತಿ ಬಿಚ್ಚಲೇ ಇಲ್ಲ. ಹಿಂದಿರುಗುವ ಬಸ್ಸು ಬೂದಗುಂಪಾ ಕ್ರಾಸಿಗೆ ಬಂದಾಗ ಅತ್ತೆ ಕೇಳಿದರು. “ನನಗ್ಯಾಕ ಹೇಳಲಿಲ್ಲ?”

“ಹೆದರಿಕಿ ಆಗಿತ್ರಿ.”

“ನನ್ನ ಹೆದರಿಕಿಗೆ ಆ ಗುಳಿಗಿ ನುಂಗತಿದ್ದೇನು?”

ಪರ್ಸಿನಿಂದ ಗುಳಿಗೆಯ ಪಟ್ಟಿ ತೆಗೆದು, ಒಂದೂ ಒಡೆದಿಲ್ಲವೆಂದು ಅವರಿಗೆ ತೋರಿಸಿದೆ.

ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಒಂದೇ ತಾಟಿಗೆ ಸೊಪ್ಪು ಸೋಸುತ್ತಿದ್ದೆವು. ಪಕ್ಕದ ಮನೆಯ ಶಾಂತವ್ವ ಒಣಗಿದ ಬಟ್ಟೆ ತೆಗೆಯುತ್ತ ಗೋಡೆಯಾಚೆಯಿಂದ, ರಕ್ತ ತೆಗೆದಲ್ಲಿ ಹತ್ತಿ ಅಂಟಿದ್ದ ನಮ್ಮ ತೋಳುಗಳನ್ನು ನೋಡಿದಳು.

“ಇದೇನ್ರಿ, ಒಬ್ಬರ ಜಡ್ಡು ತೋರಸಾಕ ಹೋಗಿ ಇಬ್ಬರೂ ಹತ್ತಿ ಅಂಟಿಸ್ಕೊಂಡು ಬಂದೀರಿ?”