ಅರ್ಧ ಓದಿದ ಕಾಗದ

ಅವರ ಬಲಗೈಯ ಗೆಣ್ಣುಗಳು ಹುಣಸೆಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿದ್ದವು. ಡ್ರಮ್ಮು, ಪೆಟ್ಟಿಗೆ, ಟಿನ್ನುಗಳನ್ನು ಬಡಿದು ಬಡಿದು ಹಾಗಾಗಿದ್ದವಂತೆ. ಯಾವ ಸರಕನ್ನೂ ಹೆಗಲಿಗೇರಿಸುವ ಮೊದಲು ಎರಡು ಸಲ ಬಡಿದು, ಕಿವಿ ಹತ್ತಿರ ತಂದು ಕೇಳುತ್ತಿದ್ದರು. ತುಂಬಿದೆಯೋ ಅರ್ಧವಿದೆಯೋ, ಒಳಗಿರುವುದು ನೀರೋ ಎಣ್ಣೆಯೋ ಪುಡಿಯೋ ಎಂದು ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಕೆ.ಆರ್. ಪುರದ ನಮ್ಮ ಲಾರಿ ಬುಕಿಂಗ್ ಆಫೀಸಿನಲ್ಲಿ ಹಮಾಲರಿಗೆಲ್ಲ ಅವರೇ ಮೇಸ್ತ್ರಿ. ಯಾದಗಿರಿ ಕಡೆಯವರು. ಓದು ಬರಹ ಬರುತ್ತಿರಲಿಲ್ಲ.

ಓದು ಬರುತ್ತಿದ್ದವಳು ನಾನು. ಮರ್ಫಿ ಟೌನಿನಿಂದ ಎರಡು ಬಸ್ಸು ಹತ್ತಿ ಹೋಗಿ, ಕಂಪ್ಯೂಟರ್ ಮುಂದೆ ಕೂತು ಎಲ್.ಆರ್. ಹಾಕುವುದು ನನ್ನ ಕೆಲಸ. ಎಲ್.ಆರ್. ಅಂದರೆ ಸರಕಿನ ಜೊತೆ ಹೋಗುವ ರಸೀದಿ. ಯಾರು ಕಳಿಸಿದರು, ಯಾರು ಬಿಡಿಸಿಕೊಳ್ಳಬೇಕು, ಒಳಗೆ ಏನಿದೆ, ಎಲ್ಲ ಅದರಲ್ಲಿರುತ್ತದೆ. ಲಾರಿಗೆ ತುಂಬುವ ಮುಂಚೆ ಪ್ರತಿ ಎಲ್.ಆರ್. ಅನ್ನೂ ನನ್ನಿಂದ ಓದಿಸಿ ಕೇಳುವುದು ಮೇಸ್ತ್ರಿಯವರ ಪದ್ಧತಿ. ಟೇಬಲ್ ಪಕ್ಕ ಬಂದು ನಿಂತು, "ಏನ್ ಬರ್ದಾರ, ಓದವ್ವಾ" ಅನ್ನುತ್ತಿದ್ದರು.

ಸೇರಿದ ವಾರವೇ ನಾನು ಕಳಿಸುವ ಕನ್ಸೈನರ್ ಹೆಸರನ್ನೂ ಪಡೆಯುವ ಕನ್ಸೈನಿ ಹೆಸರನ್ನೂ ಅದಲುಬದಲು ಮಾಡಿದ್ದೆ. ಜೋರಾಗಿ ಓದಿದಾಗ ಅವರು ಮೆಲ್ಲಗೆ ನಕ್ಕರು.

"ಕಳಿಸಿದಾಂವಗೇ ತಿರುಗಿ ಕಳಸಾಕತ್ತಿಯಲ್ಲ ಯವ್ವಾ. ಪಾಪ, ಅಂವ ಏನ್ ತಪ್ಪ್ ಮಾಡ್ಯಾನ?"

"ಅಯ್ಯೋ, ಮ್ಯಾನೇಜರ್‌ಗೆ ಹೇಳ್ಬೇಡಿ ಮೇಸ್ತ್ರಿ."

"ನಾ ಯಾಕ ಹೇಳ್ಲಿ? ತಿದ್ದು."

ಆ ಕೆಲಸದ ಮಾತುಗಳನ್ನೆಲ್ಲ ನನಗೆ ಕಲಿಸಿದ್ದು ಅವರೇ. ಫುಲ್ ಲೋಡ್ ಅಂದರೆ ಲಾರಿಗೆಲ್ಲ ಒಬ್ಬನೇ ಧಣಿ. ಪಾರ್ಟ್ ಲೋಡ್ ಅಂದರೆ "ಊರ ಮಂದಿ ಎಲ್ಲಾ ಕೂಡಿ ಒಂದ ಟಂಟಂ ಆಟೋ ಹತ್ತಿದಂಗ". ರಿಟರ್ನ್ ಲೋಡ್ ಸಿಗದೆ ಲಾರಿ ಖಾಲಿ ವಾಪಸ್ಸು ಬಂದರೆ, "ಡ್ರೈವರನ ಮಾರಿ ನೋಡವ್ವಾ, ಬೀಗರ ಊರಿಂದ ಉಣ್ಣದ ಬಂದಂಗ ಅದ" ಅನ್ನುತ್ತಿದ್ದರು. ಒಂದು ದಿನ ಕೇಳಿದರು: "ಕಳಸಾಂವನ ಹೆಸರದ, ಬಿಡಿಸ್ಕೊಳ್ಳಾಂವನ ಹೆಸರದ. ನಡುವ ಹೊರಾಂವನ ಹೆಸರು ಎಲ್ಲಿ ಬರೀತೀರಿ?" ಅದಕ್ಕೆ ಕಾಲಂ ಇಲ್ಲ ಎಂದೆ. ತಲೆಯಾಡಿಸಿ ಹೋದರು.

ಇನ್ನೊಂದು ಮಾತಿನ ಅರ್ಥವನ್ನು ಮಾತ್ರ ನಾನು ಅವರಿಗೆ ಹೇಳಿದೆ. ಪ್ರತಿ ಎಲ್.ಆರ್.ನಲ್ಲೂ ಸರಕಿನ ಹೆಸರಿನ ಮೇಲೆ 'ಸೆಡ್ ಟು ಕಂಟೈನ್' ಎಂದು ತಾನಾಗಿಯೇ ಅಚ್ಚಾಗುತ್ತದೆ. ಒಳಗೆ ಇಂಥದ್ದಿದೆ ಎಂದು ಕಳಿಸುವವರು ಹೇಳಿದ್ದಾರೆ, ನಾವು ತೆರೆದು ನೋಡಿಲ್ಲ, ಅಷ್ಟೇ ಅದರ ಅರ್ಥ. ಮೇಸ್ತ್ರಿ ಕಾಗದದ ಮೇಲೆ ಬಗ್ಗಿದರು.

"ಅಂದ್ರ ಅಂವ ಹೇಳಿದ್ದು ಸುಳ್ಳಾದ್ರ ನಿಮ್ಮ ಮ್ಯಾಲ ಬರಂಗಿಲ್ಲ."

"ಹೂಂ, ಆಫೀಸ್ ಮೇಲೆ ಬರಲ್ಲ."

"ಶಾಣ್ಯಾ ಇದ್ದೀರಿ" ಎಂದರು. ಆಮೇಲೆ ನಾವಿಬ್ಬರೂ ಚಹಾ ಕುಡಿದೆವು.

ಆ ದಿನ ಮಧ್ಯಾಹ್ನ ಹನ್ನೆರಡು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಲಾರಿಗಳಿಗೆ ನೋ ಎಂಟ್ರಿ ಶುರುವಾಗುವ ಮುಂಚೆ ಗಾಡಿ ಹೊರಡಬೇಕೆಂದು ಮ್ಯಾನೇಜರ್ ಒಳಗಿನಿಂದ ಕೂಗುತ್ತಿದ್ದರು. ಎಲ್.ಆರ್. ಹಾಕಿ, ಸೋಪ್ ಆಯಿಲ್ ಎಂದು ಓದಿ ಹೇಳಿದೆ. ಮೇಸ್ತ್ರಿ ಮೊದಲ ಡ್ರಮ್ಮನ್ನು ಬಡಿದರು. ಅಲುಗಾಡಿಸಿ ಮತ್ತೆ ಬಡಿದರು. ನನ್ನ ಟೇಬಲ್ಲಿಗೆ ವಾಪಸ್ಸು ಬಂದರು.

"ಇದು ಎಣ್ಣಿ ಸದ್ದಲ್ಲ ಯವ್ವಾ. ಎಣ್ಣಿ ಮಂದ ಇರ್ತದ. ಇದು ನೀರಿನಂಗ ಕುಣೀತದ. ಇನ್ನೊಮ್ಮಿ ಓದು."

"ಸೋಪ್ ಆಯಿಲ್ ಅಂತಾನೇ ಇದೆ ಮೇಸ್ತ್ರಿ. ಬಿಲ್ಲಲ್ಲೂ ಅದೇ ಇದೆ. ಬೇಗ ಮುಗಿಸಿ, ಗಾಡಿ ಹೋಗ್ಬೇಕು."

ನನ್ನ ಬಾಯಿಗೆ ಮಣ್ಣು ಹಾಕ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಆ ಮುಕ್ಕಾಲು ಕಣ್ಣೆದುರಿಗೇ ನಿಂತು ಬೇಡ ಅನ್ನುತ್ತಿದ್ದರೆ, ನಾನು ಒಕ್ಕಾಲನ್ನು ನಂಬಿಕೊಂಡು ಕೂತಿದ್ದೆ. ಅವರು ನನ್ನ ಮುಖ ನೋಡಿದರು. "ನೀ ಓದಿದಿ ಅಂದ್ರ ಆತು" ಎಂದು ಹೋಗಿ ಡ್ರಮ್ಮನ್ನು ಹೆಗಲಿಗೇರಿಸಿದರು. ನಾಲ್ಕನೆಯದರ ಮುಚ್ಚಳ ಸಡಿಲವಾಗಿತ್ತು. ಒಳಗಿದ್ದದ್ದು ಆಸಿಡ್. ಕತ್ತು, ಬಲ ಹೆಗಲು, ಬಲಗೈ ಪೂರ್ತಿ ಸುಟ್ಟವು. ಅವರ ಕೂಗನ್ನು ನಾನು ಬರೆಯಲಾರೆ.

ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಐದನೆಯ ದಿನ ಮ್ಯಾನೇಜರ್ ಒಂದು ಕಾಗದ ಟೈಪ್ ಮಾಡಿಸಿ ನನ್ನ ಕೈಗೆ ಕೊಟ್ಟರು. ಮೇಸ್ತ್ರಿಯೇ ಹೇಳುತ್ತಿರುವ ಹಾಗೆ ಬರೆದ ಎರಡು ಪ್ಯಾರಾ ಅದರಲ್ಲಿದ್ದವು. ಎಚ್ಚರಿಕೆ ಕೊಟ್ಟಿದ್ದರೂ ನನ್ನ ಅಜಾಗರೂಕತೆಯಿಂದಲೇ ಹೀಗಾಯಿತು, ಆಫೀಸಿನ ತಪ್ಪೇನೂ ಇಲ್ಲ, ಮುಂದೆ ಏನನ್ನೂ ಕೇಳುವುದಿಲ್ಲ ಎಂಬುದು ಮೊದಲನೆಯದು. ಮನುಷ್ಯತ್ವದಿಂದ ಆಫೀಸು ಔಷಧಿಯ ಖರ್ಚು ನೋಡಿಕೊಳ್ಳುತ್ತದೆ ಎಂಬುದು ಎರಡನೆಯದು.

"ನೀನೇ ಹೋಗಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾರಮ್ಮ. ನಿನ್ನ ಮಾತು ಕೇಳ್ತಾರೆ" ಎಂದರು ಮ್ಯಾನೇಜರ್. "ಎಲ್.ಆರ್. ಹಾಕಿದ್ದು ನೀನು. ಕೇಸ್ ಆದ್ರೆ ಫಸ್ಟ್ ನಿನ್ನ ಹೆಸರೇ ಬರೋದು, ನೋಡ್ಕೊ."

ಹೆದರಿದೆ. ನನ್ನ ಪರವಾಗಿ ಹೇಳುವುದಕ್ಕೆ ಇದಕ್ಕಿಂತ ಹೆಚ್ಚೇನೂ ಇಲ್ಲ.

ಮೇಸ್ತ್ರಿ ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿದ್ದರು. ಊರಿಂದ ಬಂದ ಹೆಂಡತಿ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಅವರಿಗೂ ಓದು ಬರುತ್ತಿರಲಿಲ್ಲ. ಕಾಗದ ನೋಡಿದ ಕೂಡಲೇ ಮೇಸ್ತ್ರಿ ಎಂದಿನ ಹಾಗೆ, "ಏನ್ ಬರ್ದಾರ, ಓದವ್ವಾ" ಎಂದರು.

ನಾನು ಎರಡನೆಯ ಪ್ಯಾರಾ ಮಾತ್ರ ಓದಿದೆ.

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಎಡಗೈ ಚಾಚಿದರು. ಹೆಬ್ಬೆರಳಿಗೆ ಇಂಕು ಹಚ್ಚಿ, ಹಿಡಿದು ಒತ್ತಿಸಿದವಳೂ ನಾನೇ. ಮುಂದೆ ಜೊತೆಯ ಹಮಾಲರು ಪರಿಹಾರ ಕೇಳಲು ಆಫೀಸಿಗೆ ಬಂದಾಗ ಮ್ಯಾನೇಜರ್ ಡ್ರಾಯರಿನಿಂದ ಆ ಕಾಗದ ತೆಗೆದು ತೋರಿಸಿದರು. ಅವರೆಲ್ಲ ಸುಮ್ಮನೆ ಹೊರಟುಹೋದರು. ನಾನು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದೆ.

ಎರಡು ತಿಂಗಳಾದ ಮೇಲೆ ಕೆ.ಆರ್. ಪುರದ ಸ್ಟೇಷನ್ ಹಿಂದಿನ ಅವರ ಬಾಡಿಗೆ ರೂಮಿಗೆ ಹೋದೆ. ಮೂಸಂಬಿ ತೆಗೆದುಕೊಂಡು ಹೋಗಿದ್ದೆ, ದೊಡ್ಡ ಉಪಕಾರ ಮಾಡುವವಳ ಹಾಗೆ. ಗಾಯ ಮಾಯ್ದಿರಲಿಲ್ಲ. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಗೆಣ್ಣು ಯಾವುದೆಂದು ತಿಳಿಯುತ್ತಿರಲಿಲ್ಲ. ಹೆಂಡತಿ ನೀರಿಗೆಂದು ಹೊರಗೆ ಹೋದ ಹೊತ್ತು ನೋಡಿ ಅವರೇ ಮಾತು ತೆಗೆದರು.

"ಡ್ರಮ್ ಬಡದ್ರ ತುಂಬ್ಯದೋ ಅರ್ಧ ಅದನೋ ನಂಗ ಗೊತ್ತಾಗ್ತದ. ಅವತ್ತ ದವಾಖಾನ್ಯಾಗ ನೀ ಅರ್ಧ ಓದಿದಿ."

ನಾನು ಕೇಳಿದೆ: "ಗೊತ್ತಿದ್ದೂ ಯಾಕೆ ಒತ್ತಿದ್ರಿ ಮೇಸ್ತ್ರಿ?"

"ಒತ್ತಲಿಲ್ಲಂದ್ರ ನಿನ್ನ ಮ್ಯಾಲ ಬರ್ತಿತ್ತಲ್ಲ. ನನ್ನ ಕೈಯಂತೂ ಹೋತು. ನಿನ್ನ ಕೆಲಸಾನೂ ಯಾಕ ಹೋಗಬೇಕು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಒಂದು ಮೂಸಂಬಿಯನ್ನು ಎಡಗೈಯಲ್ಲಿ ಎತ್ತಿ ನನಗೇ ಕೊಟ್ಟು, ಸುಲಿ ಎಂದರು. ಇಬ್ಬರೂ ತಿಂದೆವು.

ಆಮೇಲೆ ಗಾಯ ಕೀವಾಗಿ, ಜ್ವರ ಏರಿ, ಮೇಸ್ತ್ರಿ ತೀರಿಕೊಂಡರು. ಹೆಂಡತಿ ಊರಿಗೆ ಕೊಂಡೊಯ್ದು ಮಣ್ಣು ಮಾಡಿದರು. ಆಗ ನಾನು ಕೆಲಸ ಬಿಟ್ಟೆ, ಎಲ್ಲರೆದುರು ನಿಜ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ, ಹೇಳಿಲ್ಲ. ಈಗಲೂ ಅದೇ ಕುರ್ಚಿಯಲ್ಲಿ ಕೂತು ಅದೇ ಎಲ್.ಆರ್. ಹಾಕುತ್ತೇನೆ. ಅವರು ಉಳಿಸಿಕೊಟ್ಟ ಅನ್ನವನ್ನೇ ಉಣ್ಣುತ್ತಿದ್ದೇನೆ.

ರೂಮಿನಲ್ಲಿ ಅವರ ತಗಡಿನ ಟ್ರಂಕು ಉಳಿದಿತ್ತು. ಹೆಂಡತಿ ಫೋನ್ ಮಾಡಿ, "ಅದೊಂದು ಕಳಿಸಿಕೊಡವ್ವಾ" ಎಂದರು. ನಾನೇ ಬುಕ್ ಮಾಡಿದೆ. ಯಾವ ಪಾರ್ಸಲನ್ನೂ ಬಿಚ್ಚಿ ನೋಡದ ನಾನು ಅದನ್ನು ತೆರೆದು, ಒಂದೊಂದನ್ನೂ ಹೊರಗಿಟ್ಟು, ಒಂದೊಂದನ್ನೂ ಟೈಪ್ ಮಾಡಿದೆ. ಎರಡು ಧೋತರ, ಒಂದು ಕಂಬಳಿ, ಮೂಟೆ ಎಳೆಯುವ ಕೊಕ್ಕೆ, ಹೆಗಲಿಗೆ ಹಾಕುವ ಗೋಣಿಪಟ್ಟಿ, ಬಿಚ್ಚದ ಒಂದು ಹೊಸ ಸೀರೆ. ಮೇಲೆ ಎಂದಿನ ಹಾಗೆ ಸೆಡ್ ಟು ಕಂಟೈನ್ ಎಂದು ಅಚ್ಚಾಗಿ ಬಂತು. ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, 'ನಾನೇ ನೋಡಿದ್ದೇನೆ' ಎಂದು ಬರೆದು ಸಹಿ ಮಾಡಿದೆ.

ಹತ್ತು ದಿನಕ್ಕೆ, ಡೆಲಿವರಿಯಾದ ಮೇಲೆ, ಆ ಎಲ್.ಆರ್.ನ ಪ್ರತಿ ವಾಪಸ್ಸು ಬಂತು. ಕೆಳಗೆ ಎಲ್ಲ ಎಲ್.ಆರ್.ನಲ್ಲೂ ಇರುವ ಸಾಲಿತ್ತು: ಸರಕು ಸುಸ್ಥಿತಿಯಲ್ಲಿ ತಲುಪಿದೆ, ನಮ್ಮದು ಯಾವ ದೂರೂ ಇಲ್ಲ. ಅದರ ಪಕ್ಕದಲ್ಲಿ ಅವರ ಹೆಂಡತಿಯ ಹೆಬ್ಬೆಟ್ಟು. ಒತ್ತುವ ಮೊದಲು ಅದನ್ನು ಅವರಿಗೆ ಯಾರು ಓದಿ ಹೇಳಿದರೋ, ಪೂರ್ತಿ ಓದಿದರೋ ಇಲ್ಲವೋ, ನನಗೆ ಗೊತ್ತಿಲ್ಲ.